ಬಲಗೈ ತೋರಿಸು, ಅಂಜುಮ

ಪಿಚರ್ ಅಂಜುಮಳಿಗೆ,

ಅಳವಂಡಿ–ಕೊಪ್ಪಳ ಬಸ್ಸಿನ ಕಂಡಕ್ಟರ್ ವಿರುಪಣ್ಣ ಕಾಕಾ, ಅಂದರೆ ಮೊನ್ನೆ ಭಾನುವಾರ ನೀನು ಮೈದಾನದಿಂದ ಓಡಿಸಿದ ಮನುಷ್ಯ, ಬರೆಯುತ್ತಿದ್ದೇನೆ.

ಬುತ್ತಿ ಬಿಚ್ಚಿದಾಗ ರೊಟ್ಟಿಯ ಕೆಳಗೆ ಈ ಹಾಳೆ ಸಿಕ್ಕಿರಬೇಕು. ನಿಮ್ಮ ಕ್ಯಾಂಪಿನಲ್ಲಿ ಹುಡುಗಿಯರ ಫೋನೆಲ್ಲ ಇಸಿದುಕೊಂಡು ಕಪಾಟಿನಲ್ಲಿ ಹಾಕಿ ಕೀಲಿ ಜಡಿದಿದ್ದಾರೆ. ನನ್ನನ್ನು ಗೇಟಿನೊಳಗೆ ಬಿಡಬಾರದೆಂದು ವಾಚ್‌ಮನ್‌ಗೆ ಹೇಳಿದ್ದಾರೆ. ನಿನ್ನ ಅಮ್ಮಿ ನನ್ನ ಬಸ್ಸಿನಲ್ಲಿ ಕಳಿಸುವ ಬುತ್ತಿಗೆ ಮಾತ್ರ ಇನ್ನೂ ಯಾರೂ ತಡೆ ಹಾಕಿಲ್ಲ. ಅದಕ್ಕೇ ಹೀಗೆ ಕಳ್ಳನ ಹಾಗೆ ಪತ್ರ ಕಳಿಸುತ್ತಿದ್ದೇನೆ. ಮೊದಲು ಉಂಡು ಆಮೇಲೆ ಓದು ಎನ್ನಬೇಕಿತ್ತು, ಆದರೆ ನನಗೆ ಅಷ್ಟು ತಾಳ್ಮೆಯಿಲ್ಲ. ಈಗಲೇ ಓದು.

ನನಗೆ ಹೆದರಿಕೆಯಾಗಿದೆ, ತಾಯಿ. ಹೆದರಿಕೆ ಅಂದರೇನೆಂದು ಗೊತ್ತಿಲ್ಲದವನಲ್ಲ ನಾನು. ಒಮ್ಮೆ ಬ್ರೇಕ್ ಹಿಡಿಯದ ಬಸ್ಸಿನಲ್ಲಿ, ಬಾಗಿಲ ತನಕ ತುಂಬಿದ ಜನರ ನಡುವೆ ರಾಡು ಹಿಡಿದು ನಿಂತಿದ್ದೆ. ಬಸ್ಸು ಜಾಲಿ ಕಂಟಿಗೆ ನುಗ್ಗಿ ನಿಂತ ಕೂಡಲೇ ಆ ಹೆದರಿಕೆ ಇಳಿದು ಹೋಯಿತು, ಕೆಳಗಿಳಿದು ಎಲ್ಲರೂ ಚಹಾ ಕುಡಿದೆವು. ಈ ಹೆದರಿಕೆ ಹಾಗಲ್ಲ. ಟಿಕೆಟ್ ಕೊಡುವಾಗ, ಉಣ್ಣುವಾಗ, ಹಾಸಿಗೆಯಲ್ಲಿ ಮಗ್ಗುಲು ಹೊರಳುವಾಗ ಕೂಡ ಎದೆಯಲ್ಲಿ ಕೂತೇ ಇರುತ್ತದೆ.

ನಿನ್ನ ಆಟದ ಹುಚ್ಚು ನನಗೆ ಹಿಡಿಸಿದವಳು ನೀನೇ. ಮೊದಲ ಸಲ ಆ ದಪ್ಪ ತೊಗಲಿನ ಗ್ಲೌಸು ಹಿಡಿದು ಬಸ್ ಹತ್ತಿದಾಗ, "ಏನವಾ ಇದು, ಬಿಸಿ ಗಡಿಗಿ ಇಳಸೋದೇನು?" ಅಂತ ನಾನು ನಗೆಯಾಡಿದ್ದೆ. ನೀನು ಮೂಗು ಮೇಲೆತ್ತಿ, "ಬೇಸ್‌ಬಾಲ್ ರಿ ಕಾಕಾ. ಒಮ್ಮೆ ಬಂದ್ ನೋಡ್ರಿ, ಆಮ್ಯಾಲೆ ನಗ್ರಿ" ಅಂದೆ. ಬಂದು ನೋಡಿದೆ, ಪಿಚರ್ ಅಂದರೆ ಚೆಂಡು ಎಸೆಯುವವಳೆಂದು ಅವತ್ತೇ ತಿಳಿಯಿತು. ದಿಬ್ಬದ ಮೇಲೆ ನಿಂತು ಎಡಗಾಲೆತ್ತಿ ನೀನು ಎಸೆದ ಚೆಂಡು ನೆಟ್ಟಗೆ ಹೋಗಿ, ಬ್ಯಾಟು ಹಿಡಿದವಳ ಮುಂದೆ ಥಟ್ಟನೆ ಕೆಳಗಿಳಿಯಿತು. ಆಕೆ ಗಾಳಿಗೆ ಬೀಸಿ ಸುತ್ತು ತಿರುಗಿದಳು. ನನ್ನ ಬಾಯಿಂದ ತಾನಾಗಿಯೇ "ರೈಟ್! ರೈಟ್!" ಬಂತು. ಮೈದಾನವೆಲ್ಲ ನಕ್ಕಿತು. ಅವತ್ತಿನಿಂದ ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಆ ತಂತಿಬೇಲಿಯೇ ನನ್ನ ಮನೆ. ನನ್ನ ಹೆಂಡತಿಯಂತೂ, "ರಿಟೈರ್ ಆದ ಮ್ಯಾಲೆ ಅಲ್ಲೇ ಒಂದ ಹೊರಸ ಹಾಕ್ಕೊಂಡ ಮಲಕೊಳ್ರಿ" ಅನ್ನುತ್ತಾಳೆ.

ಅಭಿಮಾನಿ ಅಂದಮೇಲೆ ಅಭಿಪ್ರಾಯ ಇರಬೇಕಲ್ಲ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಕಂಡಕ್ಟರ ಬಾಯಿ ಸುಮ್ಮನಿರುವುದಿಲ್ಲ. ಕ್ರಿಕೆಟ್ಟಿನಲ್ಲಿ ಆರು ಬಾಲ್ ಹಾಕಿದ ಮೇಲೆ ಇನ್ನೊಬ್ಬ ಬರುತ್ತಾನೆ. ನಿಮ್ಮ ಆಟದಲ್ಲಿ ಆ ದಯೆಯೂ ಇಲ್ಲ. ಮೇಲಿನವರು ಬದಲಿಸುವ ತನಕ ಒಂದೇ ಕೂಸು ಎಸೆಯುತ್ತ ಇರಬೇಕು. ಹಾಗಿದ್ದ ಮೇಲೆ ಬದಲಿಸುವವರಿಗೆ ಕಣ್ಣಿರಬೇಡವೇ? ಮರಳಿ ಊರಿನ ಸುಂಕಲಮ್ಮ ಇದ್ದಾಳೆ, ಎಡಗೈಯವಳು. ಕ್ಯಾಂಪಿನ ಮೊದಲ ವಾರ ಆಕೆಯ ಚೆಂಡು ಒಮ್ಮೆ ಕ್ಯಾಚರಿಗೆ ಹೋದರೆ ಒಮ್ಮೆ ಬೇಲಿಗೆ, ಒಮ್ಮೆ ನನ್ನ ಚಹಾದ ಕಪ್ಪಿಗೇ ಬಂತು. ಈಗ ಎಷ್ಟು ಸುಧಾರಿಸಿದ್ದಾಳೆ ನೋಡು. ಯಲಬುರ್ಗಾದ ಶೋಭಾರಾಣಿಗೆ ಜೋರಿಲ್ಲ, ನಿಜ, ಆದರೆ ಹೇಳಿದ ಕಡೆ ಹಾಕುತ್ತಾಳೆ. ಶಿವರಾತ್ರಿಗೆ ಮುಂಚಿನ ಈ ಕ್ಯಾಂಪು ಇರುವುದೇ ಮೂವರನ್ನೂ ಹದ ಮಾಡುವುದಕ್ಕೆ. ಒಬ್ಬಳನ್ನೇ ಹಿಂಡುವುದಕ್ಕಲ್ಲ.

ಆದರೆ ನಿಮ್ಮ ಕ್ಲಬ್ಬಿನ ಅಧ್ಯಕ್ಷರೂ ಮ್ಯಾನೇಜರೂ ಎಲ್ಲವೂ ಆದ ಕುಬೇರಪ್ಪನವರಿಗೆ ಅದು ತಿಳಿಯಬೇಕಲ್ಲ! ಬೆಂಗಳೂರಿನಿಂದ ಯಾರೋ ಬಂದರೆ ನೀನು ಎಸೆಯಬೇಕು, ಪೇಪರಿನವರು ಬಂದರೂ ನೀನೇ. ಅವರ ಅಳಿಯ ಬಂದ ದಿನವೂ, "ಏ ಅಂಜುಮ, ಒಂದ್ ನಾಕ್ ಒಗದ್ ತೋರಸವಾ" ಅಂದರು. ಶಾಮಿಯಾನದ ನೆರಳಲ್ಲಿ ಕೂತು ತಂಪು ಕುಡಿಯುವವರಿಗೆ ಏನು, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ. ಕೋಚ್ ಮರಿಸ್ವಾಮಿ ಸರ್ ಒಂದು ದಿನ, "ಹುಡಿಗಿಗೆ ಇವತ್ತ ರೆಸ್ಟ್ ಕೊಡೋಣ್ರಿ ಸಾಹೇಬ್ರ" ಅಂದದ್ದನ್ನು ನನ್ನ ಕಿವಿಯಾರೆ ಕೇಳಿದೆ. "ರೆಸ್ಟ್ ರಂಜಾನದಾಗ ಕೊಡೋಣ ಬಿಡ್ರಿ" ಅಂದು ಕುಬೇರಪ್ಪ ನಕ್ಕರು. ಮರಿಸ್ವಾಮಿ ಸರ್ ಒಳ್ಳೆಯವರೇ, ಆದರೆ ಕುಬೇರಪ್ಪನವರ ಮಾತು ಮೀರುವವರಲ್ಲ. ಅವರೂ ಸುಮ್ಮನೆ ನಕ್ಕರು.

ಇಷ್ಟೇ ಆಗಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಹೆದರಿಕೆ ಶುರುವಾದದ್ದು ಬಸ್ಸಿನಲ್ಲಿ.

ಒಂದು ರಾತ್ರಿ ಮನೆಗೆ ಬಿಟ್ಟಿದ್ದರಲ್ಲ, ಅಲ್ಲಿಂದ ಹಿಂತಿರುಗುವ ಬೆಳಿಗ್ಗೆ ಆಧಾರ್ ಕಾರ್ಡನ್ನು ನನ್ನ ಮುಂದೆ ಎಡಗೈಯಲ್ಲಿ ಚಾಚಿದೆ. ಇಷ್ಟು ವರ್ಷ ನನ್ನ ಬಸ್ಸು ಹತ್ತಿದ್ದೀ, ಒಂದು ಸಲ ಕೂಡ ಎಡಗೈಯಲ್ಲಿ ಏನೂ ಕೊಟ್ಟವಳಲ್ಲ. ನಾನೋ ದೊಡ್ಡ ಮನುಷ್ಯ! "ಏನವಾ, ಪಿಚರ್ ಆದಕೂಡ್ಲೆ ಹಿರ್ಯಾರಿಗೆ ಎಡಗೈಲೆ ಕೊಡಾಕ ಕಲ್ತೇನು? ಬಲಗೈಲೆ ಕೊಡು" ಅಂತ ಎಲ್ಲರ ಮುಂದೆ ಗದರಿಸಿದೆ. ಹಿಂದಿನ ಸೀಟಿನವರು ನಕ್ಕರು. ನೀನು ಕಾರ್ಡನ್ನು ಬಲಗೈಗೆ ದಾಟಿಸಿದೆ. ಅದು ಬೆರಳುಗಳ ನಡುವಿನಿಂದ ಜಾರಿ ಕೆಳಗೆ ಬಿತ್ತು. ನೀನು ಬಗ್ಗಿ ಎತ್ತಲು ಹೋದೆ, ಮತ್ತೆ ಬಿತ್ತು. ನಾನೇ ಎತ್ತಿಕೊಟ್ಟು ಶೂನ್ಯ ಟಿಕೆಟ್ ಹರಿದೆ. ನೀನು ಕಿಟಕಿಯ ಕಡೆ ಮುಖ ಮಾಡಿ ಕೂತು ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಒಂದೇ ಸಮನೆ ತಿಕ್ಕುತ್ತಿದ್ದೆ. ಬೆರಳು ಜೋಮು ಹಿಡಿದಿವೆಯಾ ಅಂತ ಕೇಳಿದ್ದಕ್ಕೆ, "ಏನಿಲ್ರಿ ಕಾಕಾ, ಥಂಡಿಗೆ" ಅಂದೆ. ಹೊರಗೆ ಆಗಲೇ ಬಿಸಿಲು ಏರಿತ್ತು.

ನಿನ್ನ ಮೊಣಕೈ ಹಿಡಿಯುತ್ತದೆಂದು ನೀನೇ ಕುಬೇರಪ್ಪನವರಿಗೆ ಹೇಳಿದೆಯಂತೆ. ಅವರು, "ದೃಷ್ಟಿ ಆಗೇತಿ" ಅಂತ ಕರಿ ದಾರ ಕಟ್ಟಿ, ಬೇಲಿಯ ಕಡೆ ಕೈ ಮಾಡಿ ತೋರಿಸಿದರಂತೆ: "ಅಲ್ಲಿ ನಿಂತು ದಿನಾ ಒದರತಾನಲ್ಲ ಆ ಕಂಡಕ್ಟರ, ಅವಂದ ಬಿದ್ದದ." ಕೇಳಿ ನನಗೆ ನಗು ಬಂತು. ನಕ್ಕವನು ಮನೆಗೆ ಹೋಗಿ ಏನು ಮಾಡಿದೆ ಗೊತ್ತೇ? ನಿನ್ನ ಹೆಸರು ಹೇಳಿ ಹೆಂಡತಿಯ ಕೈಯಿಂದ ಉಪ್ಪು, ಒಣ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದೆ. ದೃಷ್ಟಿಯಾಗಿದ್ದರೆ ಘಾಟು ಬರುವುದಿಲ್ಲ ಅನ್ನುತ್ತಾರಲ್ಲ. ಅಬ್ಬಬ್ಬಾ, ಏನು ಘಾಟು! ಇಬ್ಬರೂ ಕೆಮ್ಮುತ್ತ ಕಣ್ಣಲ್ಲಿ ನೀರು ಸುರಿಸುತ್ತ ಹೊರಗೆ ಓಡಿ ಬಂದೆವು. "ದೃಷ್ಟಿಗಿಷ್ಟಿ ಏನಿಲ್ಲ ಬಿಡ್ರಿ" ಅಂದಳು ಆಕೆ ಸಮಾಧಾನವಾಗಿ. ನನಗೆ ಅದೇ ಹೆದರಿಕೆಯಾಯಿತು. ದೃಷ್ಟಿಯಾಗಿದ್ದರೆ ತೆಗೆಯಬಹುದಿತ್ತು. ಇದು ಬೇರೆ ಏನೋ, ಒಳಗಿನ ನರದ್ದೋ ಎಲುಬಿನದ್ದೋ, ಉಪ್ಪು ಮೆಣಸಿನಕಾಯಿಗೆ ಹೋಗುವಂಥದ್ದಲ್ಲ ಅಂತ ಅವತ್ತೇ ಅನಿಸಿತು.

ಭಾನುವಾರ ಏನಾಯಿತೆಂದು ನಿನಗೆ ಗೊತ್ತು. ಕ್ಯಾಂಪಿನವರೇ ಎರಡು ತಂಡ ಮಾಡಿಕೊಂಡು ಆಡಿದಿರಿ. ಸುಂಕಲಮ್ಮ ಕೂತೇ ಇದ್ದಳು, ಶೋಭಾರಾಣಿ ನೀರು ತಂದುಕೊಡುತ್ತಿದ್ದಳು, ನೀನು ಎಸೆಯುತ್ತಲೇ ಇದ್ದೆ. ಪ್ರತಿ ಚೆಂಡಿಗೂ ಬಲಗೈಯನ್ನು ಬೆನ್ನ ಹಿಂದೆ ಒಯ್ದು ಕೊಡವುತ್ತಿದ್ದೆ. ಬೇಲಿಯ ಕಡೆಯಿಂದ ನನಗೆ ನಿನ್ನ ಬೆನ್ನೇ ಕಾಣುತ್ತಿತ್ತು, ಶಾಮಿಯಾನದವರಿಗೆ ಮುಖ ಮಾತ್ರ. ನೀನು ನಗುತ್ತಿದ್ದೆ ಅಂತ ಕಾಣುತ್ತದೆ, ಅವರು ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ. ಜೇಬಿನ ಸೀಟಿ ತೆಗೆದು ಊದಿದೆ. "ಹೋಲ್ಡಾನ್! ಹೋಲ್ಡಾನ್!" ಅಂತ ಒದರಿದೆ. ಆಟ ನಿಂತಿತು. ನೀನು ಬೇಲಿಯ ತನಕ ನಡೆದು ಬಂದೆ. ಕಣ್ಣು ಕೆಂಪಗಾಗಿದ್ದವು. "ಕಾಕಾ, ನನ್ ಸೆಲೆಕ್ಷನ್ ಕೆಡಸಬ್ಯಾಡ್ರಿ. ನಾಳಿಂದ ಇಲ್ಲಿ ಬರಬ್ಯಾಡ್ರಿ" ಅಂದು ಹೊರಳಿ ನೋಡದೆ ಹೋಗಿ ಮತ್ತೆ ಎಸೆದೆ.

ನೀನು ಬೈದದ್ದಕ್ಕೆ ನನಗೆ ನೋವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಭಾಳ ನೋವಾಯಿತು. ಆದರೆ ನಿನ್ನ ಸಂಕಟವೂ ನನಗೆ ಗೊತ್ತು. "ರಾಜ್ಯ ತಂಡಕ್ಕ ಹೋದ್ರ ದೊಡ್ಡಪ್ಪ ಬಾಯಿ ಮುಚ್ಚತಾನ್ರಿ. ಇಲ್ಲಂದ್ರ ಪರೀಕ್ಷೆ ಮುಗದ ಕೂಡ್ಲೆ ನನ್ ಆಟ ಬಂದ್" ಅಂತ ಒಂದು ದಿನ ಬಸ್ಸಿನಲ್ಲಿ ಹೇಳಿದ್ದೆಯಲ್ಲ. ಮನೆಯಲ್ಲಿ ಹೇಳಿದರೆ ಆಟ ಹೋಗುತ್ತದೆ. ಹೇಳದಿದ್ದರೆ ಕೈ ಹೋಗುತ್ತದೆ. ಈ ಎರಡರ ನಡುವೆ ಸಿಕ್ಕಿಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ.

ಬುಧವಾರ ನಾನು ಬುತ್ತಿ ಕೊಡಲು ಗೇಟಿಗೆ ಬಂದಾಗ ಅದನ್ನು ಒಯ್ಯಲು ಸುಂಕಲಮ್ಮ ಬಂದಿದ್ದಳು. ಆಕೆಯ ಮೇಲೆ ಸಿಟ್ಟಾಗಬೇಡ, ನಾನೇ ಒತ್ತಾಯ ಮಾಡಿ ಕೇಳಿದೆ. "ಆಕಿಗೆ ತಲಿ ಬಾಚ್ಕೊಳ್ಳಾಕೂ ಆಗಂಗಿಲ್ರಿ ಕಾಕಾ. ದಿನಾ ನಾನ ಜಡಿ ಹಾಕ್ತೀನಿ. ಸರ್‌ಗೆ ಹೇಳಿದ್ರ, ಆಕಿ ಜಾಗಾ ಕಸಗೊಳ್ಳಾಕ ಸುಳ್ಳ ಹೇಳ್ತಿ ಅಂತಾರ" ಅಂದು ಅತ್ತೇಬಿಟ್ಟಳು ಹುಡುಗಿ. ನಿನ್ನ ಜಾಗದಲ್ಲಿ ನಿಲ್ಲಬೇಕಾದವಳೇ ನಿನಗಾಗಿ ಅಳುತ್ತಾಳೆ, ತಾಯಿ. ಅಂಥ ಗೆಳತಿ ಎಲ್ಲರಿಗೂ ಸಿಗುವುದಿಲ್ಲ.

ಇವತ್ತು ಶುಕ್ರವಾರ. ಬೆಳಿಗ್ಗೆ ಅಳವಂಡಿ ಸ್ಟ್ಯಾಂಡಿನಲ್ಲಿ ನಿನ್ನ ಅಮ್ಮಿ ಬುತ್ತಿ ಕೊಡುತ್ತ, "ಒಳಗ ಚಮಚಾ ಇಟ್ಟೀನ್ರಿ ಅಣ್ಣಾರ. ಈಗ ನಮ್ಮ ಅಂಜುಮ ಕೈಲೆ ಉಣ್ಣಾಂಗಿಲ್ರಿ, ರೊಟ್ಟಿನೂ ಪಲ್ಯಾದಾಗ ಮುರದ್ ಹಾಕ್ಕೊಂಡು ಚಮಚಾದ್ಲೆ ತಿಂತಾಳ. ಕ್ಯಾಂಪಿನಾಗ ಸ್ಟೈಲ್ ಕಲಿಸ್ಯಾರ" ಅಂದು ಬಾಯಿ ತುಂಬ ನಕ್ಕಳು. ಎಂಥ ಹೆಮ್ಮೆ ಆ ಮುಖದಲ್ಲಿ! ಚಮಚವನ್ನು ನೀನು ಮುಷ್ಟಿಯಲ್ಲಿ ಹಿಡಿಯುತ್ತಿರಬೇಕು, ರೊಟ್ಟಿ ಮುರಿಯಲು ಬೆರಳು ಬರದೆ ಹೀಗೆ ಮಾಡಿದ್ದೀ, ಆ ಒಂದು ರಾತ್ರಿ ಮನೆಯಲ್ಲಿ ಅದನ್ನು ಕಂಡು ಹೆತ್ತ ತಾಯಿ ಖುಷಿಪಡುತ್ತಿದ್ದಾಳೆ. ಡ್ರೈವರ್ ಹಾರ್ನ್ ಹೊಡೆದ. ನಾನು ಹೋಗಲಿಲ್ಲ. ಜನ ಬೈದರೂ ಹೋಗಲಿಲ್ಲ. ಅಲ್ಲೇ ನಿಂತು ಎಲ್ಲ ಹೇಳಿದೆ.

ನಿನ್ನ ಅಮ್ಮಿ ಶಹನಾಜಬೇಗಂ ಚೀರಾಡಲಿಲ್ಲ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟಳು. "ಆಕಿ ಚಮಚಾ ಹಿಡದಾಗ ನಾ ನಕ್ಕೆನಲ್ರಿ ಅಣ್ಣಾರ" ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಆಟ ಬಿಡಸಾಕ ಅಲ್ರಿ ನಾ ಬರೋದು. ಎಲುಬಿನ ಡಾಕ್ಟರಿಗೆ ಕೈ ತೋರಸಾಕ. ಮನ್ಯಾಗ ಯಾರಿಗೂ ಬಾಯಿ ಬಿಡಬ್ಯಾಡ್ರಿ. ಆಕಿ ದೊಡ್ಡಪ್ಪಗ ನಾ ನೋಡ್ಕೋತೀನಿ" ಅಂದಳು. ಇಷ್ಟು ದಿನ ನಾನು ಯಾರಿಗೆ ಹೇಳಲು ಹೆದರಿದ್ದೆನೋ ಆ ಹೆಣ್ಣುಮಗಳಿಗೆ ನಮ್ಮಿಬ್ಬರಿಗಿಂತ ಹೆಚ್ಚು ಎದೆಗಾರಿಕೆ ಇದೆ.

ನಾಳೆ ಮಧ್ಯಾಹ್ನ ನಾವಿಬ್ಬರೂ ಗೇಟಿಗೆ ಬರುತ್ತೇವೆ. ರಾಜ್ಯ ತಂಡದ ಆಯ್ಕೆ ನಾಡಿದ್ದು ಭಾನುವಾರ ಇದೆಯೆಂದು ಗೊತ್ತು. ಬೆಂಗಳೂರಿನವರು ಬರುತ್ತಾರೆ, ಕುಬೇರಪ್ಪನವರು ಬೆಳಗಿನಿಂದ ಬೈಗಿನವರೆಗೂ ನಿನ್ನಿಂದಲೇ ಎಸೆಯಿಸುತ್ತಾರೆ, ನೀನೂ ಇಲ್ಲ ಅನ್ನುವುದಿಲ್ಲ. ಆ ದಿನದ ಯಾವುದೋ ಒಂದು ಚೆಂಡಿಗೆ ಆ ಕೈ ಕೊನೆಗೆ ಕೆಳಗೆ ಬಿದ್ದುಬಿಟ್ಟರೆ? ಆಟ ಒಂದು ಕಡೆ ಇರಲಿ. ಪೆನ್ನು ಹಿಡಿಯಬೇಕು, ತಲೆ ಬಾಚಬೇಕು, ನಾಳೆ ಕೂಸು ಎತ್ತಿಕೊಳ್ಳಬೇಕು. ಆಯ್ಕೆ ಮುಂದಿನ ವರ್ಷವೂ ಬರುತ್ತದೆ. ಹೀಗೆ ಹೇಳುವುದು ನನಗೆ ಸುಲಭ, ನಿನಗಲ್ಲ, ಅದೂ ಗೊತ್ತು. ನಾಳೆ ನಿನಗೆ ಎಷ್ಟು ಸಿಟ್ಟು ಬಂದರೂ ನನ್ನ ಮೇಲೆ ಹಾಕು, ಅಮ್ಮಿಯ ಮೇಲೆ ಬೇಡ.

ಈಗಲೇ ಸಿಟ್ಟು ಬಂದಿದ್ದರೆ ಈ ಪತ್ರವನ್ನು ಹರಿದು ಹಾಕು, ಅಡ್ಡಿಯಿಲ್ಲ. ಆದರೆ ಎಡಗೈಯಲ್ಲಿ ಹಾಳೆ ಹಿಡಿದು ಬಲಗೈ ಬೆರಳಿನಿಂದ ಹರಿ. ಹಲ್ಲಿನಿಂದ ಬೇಡ, ಸುಂಕಲಮ್ಮನ ಕೈಯಿಂದಲೂ ಬೇಡ. ಹರಿಯಿತೋ, ನಾನು ಸುಳ್ಳುಗಾರ, ಸಾಯುವ ತನಕ ಆ ಬೇಲಿಯ ಹತ್ತಿರ ಸುಳಿಯುವುದಿಲ್ಲ. ಹರಿಯಲಿಲ್ಲವೋ, ಯಾರಿಗೂ ಏನೂ ಹೇಳಬೇಡ. ಮಡಚಿ ಇಟ್ಟುಕೊಂಡು ನಾಳೆ ಮಧ್ಯಾಹ್ನ ಗೇಟಿಗೆ ಬಾ. ನಿನ್ನ ಅಮ್ಮಿ ನಿಂತಿರುತ್ತಾಳೆ.

ನಿನ್ನ ಅಲ್ಲಾಹನೂ ನಮ್ಮ ಗವಿಸಿದ್ಧಪ್ಪನೂ ಕೂಡಿ ಆ ಕೈಯನ್ನು ಕಾಯಲಿ.

ಗೇಟಿನ ಹೊರಗೆ ಕಾಯುವ ನಿನ್ನ
ವಿರುಪಣ್ಣ ಕಾಕಾ