ಬರ್ತೀನಿ ಎನ್ನದ ಮನೆತನ

ಎದ್ದ ಮೇಲಿನ ನೂರಾ ಮೂವತ್ತೊಂದನೆಯ ವರ್ಷ, ಎರಡನೆಯ ಬೇಸಿಗೆ, ಹುಣ್ಣಿಮೆಯ ಮರುದಿನ.
ಹಗೇವು ಕೇರಿ, ಇಂಡಿ ಬಯಲು.

ಶೇವಂತಿ,

ಮೇಲೆ ಬರೆದ ತಾರೀಖು ನಿನ್ನ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ನೀನಿರುವ ಕಾಲದಲ್ಲಿ ನಾವಿನ್ನೂ ಎದ್ದಿಲ್ಲ. ಸಮುದ್ರ ಒಳಗೆ ಬಂದು, ನಿಮ್ಮ ಕರಾವಳಿಯ ಜನ ಮನೆ ಬಿಟ್ಟು ಘಟ್ಟ ಹತ್ತಿ ಈ ಬಯಲಿಗೆ ಬಂದದ್ದನ್ನು ನಾವು ‘ಏಳಿಕೆ’ ಎನ್ನುತ್ತೇವೆ. ನಮ್ಮ ವರ್ಷಗಳ ಎಣಿಕೆ ಅಲ್ಲಿಂದ ಶುರು. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿಮ್ಮ ಮಾತೂ ನಮಗೆ ಅರ್ಧಂಬರ್ಧವೇ ಉಳಿದಿದೆ.

ನಾನು ನಿಂಬೆವ್ವ, ನಿನ್ನ ಮೊಮ್ಮಗಳ ಮೊಮ್ಮಗಳು. ಸಂಬಂಧದಲ್ಲಿ ನೀನು ಹಿರಿಯಳು. ಆದರೆ ನೀನೀಗ ಉಪ್ಪಿನ ಆಗರದಲ್ಲಿ ಹಲಗೆ ಎಳೆಯುವ ಹರೆಯದವಳು, ನಾನು ಎಪ್ಪತ್ತು ಮುಟ್ಟಿದ ಮುದುಕಿ. ಆದ್ದರಿಂದ ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ಬಹುವಚನ ಹಾಕುವಷ್ಟು ಶಕ್ತಿಯೂ ಉಳಿದಿಲ್ಲ.

ನಾವು ಹೇಗಿದ್ದೇವೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಒಂದಿಷ್ಟು ಮೋಡ. ಮನೆಗಳು ನೆಲದೊಳಗಿವೆ. ಹಿಂದೆ ಈ ಸೀಮೆಯ ಜನ ಜೋಳ ತುಂಬಿಡಲು ಹಗೇವು ತೋಡುತ್ತಿದ್ದರಂತೆ, ನಾವು ಅದನ್ನೇ ಅಗಲ ಮಾಡಿ ಒಳಗೆ ವಾಸವಿದ್ದೇವೆ. ಜೋಳ ಹೊರಗೆ, ಜನ ಒಳಗೆ. ಹೊಲದ ಕೆಲಸ ನೆರಳುಪಾಳಿಯಲ್ಲಿ ನಡೆಯುತ್ತದೆ, ಅಂದರೆ ಬಿಸಿಲು ಇಳಿದ ಮೇಲೆ, ಕೇರಿಗೊಂದು ಹೊತ್ತು. ರೊಟ್ಟಿ ಇದೆ, ಪುಂಡಿಪಲ್ಲೆ ಇದೆ, ಖಾರ ಧಾರಾಳವಾಗಿದೆ. ಮೀನನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಹೆಣ್ಣುಮಕ್ಕಳಿಗೆ ನಿಮ್ಮ ಹೊಳೆಗಳ ಹೆಸರಿಡುವುದು ವಾಡಿಕೆ. ನನ್ನ ಮಗಳು ಶರಾವತಿ, ಅವಳ ಮಗಳು ಗಂಗಾವಳಿ. ಇಬ್ಬರೂ ಈಜು ಬಾರದವರು. ನಾನು ಹುಟ್ಟಿದ ವರ್ಷ ನಿಂಬೆ ಚೆನ್ನಾಗಿ ಫಲ ಕೊಟ್ಟಿತ್ತೆಂದು ನನಗೆ ಈ ಹೆಸರು ಬಂತು, ಬಚಾವಾದೆ.

ನನ್ನ ಕಸುಬು ಕೇಳುವುದು. ಕೇರಿಗೊಂದು ಹಿಟ್ಟಿನ ಗಿರಣಿ ಇರುವ ಹಾಗೆ ಇಲ್ಲಿ ಕೇರಿಗೊಂದು ಕಿವಿಮನೆ ಇರುತ್ತದೆ. ಬಂದವರು ಚಾಪೆಯ ಮೇಲೆ ಮಲಗುತ್ತಾರೆ, ನಾನು ಅವರ ತಲೆಯ ಹಿಂದೆ ಕೂರುತ್ತೇನೆ. ಕೇಳುವವರ ಮುಖ ಕಂಡರೆ ಹೊಟ್ಟೆಯ ಮಾತು ನಾಲಿಗೆಗೆ ಬರುವುದಿಲ್ಲ. ನಿಮ್ಮ ಪಟ್ಟಣಗಳಲ್ಲಿಯೂ ಇಂಥ ಕೋಣೆಗಳಿದ್ದವಂತೆ, ಉಳ್ಳವರಿಗೆ. ಏಳಿಕೆಯ ಮೇಲೆ ಎಲ್ಲರಿಗೂ ಬೇಕಾಯಿತು. ಊರು ಕಳೆದುಕೊಂಡವರು ಸುಮ್ಮನಿದ್ದರು, ಅವರ ಮಕ್ಕಳು ದುಡಿದರು, ಮೊಮ್ಮಕ್ಕಳಿಗೆ ಕೈ ನಡುಗತೊಡಗಿತು. ಬಾಯಿ ಮರೆತದ್ದನ್ನು ಮೈ ಮಾಡಿ ತೋರಿಸುತ್ತದೆ ಎಂದು ನನಗೆ ಕಸುಬು ಕಲಿಸಿದವರು ಹೇಳುತ್ತಿದ್ದರು. ತಾವು ಕಾಣದ ನೀರಿಗೆ ಹೆದರಿ ಹಾಸಿಗೆ ಒದ್ದೆ ಮಾಡುವ ಗಂಡಸರನ್ನು ನಾನು ಕೇಳಿದ್ದೇನೆ. ನಲವತ್ತು ವರ್ಷ ಪರರ ಅಳು ಕೇಳಿ ನನ್ನ ಕಿವಿ ಸವೆದಿದೆ, ಶೇವಂತಿ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿದೆ.

ಈಗ ನಮ್ಮ ಮನೆಯ ಮಾತು.

ಕನ್ನಡದವರು ಯಾರೂ ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಎನ್ನುವುದಿಲ್ಲ. ‘ಹೋಗಿ ಬರ್ತೀನಿ’ ಎನ್ನುತ್ತಾರೆ. ನಿನ್ನ ಕಾಲದಲ್ಲೂ ಹಾಗೇ, ನನ್ನ ಕಾಲದಲ್ಲೂ ಹಾಗೇ. ನಮ್ಮ ಮನೆಯೊಂದರಲ್ಲಿ ಮಾತ್ರ ‘ಬರ್ತೀನಿ’ ಎನ್ನಬಾರದು. ಚಪ್ಪಲಿ ಮೆಟ್ಟಿ, ಮಾತಿಲ್ಲದೆ ಹೋಗಿಬಿಡಬೇಕು. ನೆರೆಯವರು ನಮ್ಮನ್ನು ಗರ್ವಿಷ್ಠರು ಎಂದುಕೊಂಡಿದ್ದಾರೆ. ಇನ್ನೊಂದು ಕಟ್ಟಳೆಯೂ ಇದೆ. ಮಗುವಿಗೆ ‘ಇಲ್ಲೇ ಕೂತಿರು’ ಎಂದು ಹೇಳಬಾರದು. ಎತ್ತಿಕೊಂಡು ಹೋಗಬೇಕು, ಇಲ್ಲವೇ ಸುಮ್ಮನೆ ಬಿಡಬೇಕು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ನಿನ್ನ ಮೊಮ್ಮಗಳು, ಅಂದರೆ ನನ್ನ ಅಜ್ಜಿ, ಒಂದೇ ಒಂದು ಸಂಗತಿ ಹೇಳಿದ್ದಳು. ಯಾರಾದರೂ ಬಾಯಿ ತಪ್ಪಿ ‘ಬರ್ತೀನಿ’ ಎಂದರೆ ನೀನು ಅವರ ಬಾಯಿಗೇ ಹೊಡೆಯುತ್ತಿದ್ದೆಯಂತೆ. ಹೊಡೆದು, ಆಮೇಲೆ ಇಡೀ ದಿನ ಊಟ ಬಿಡುತ್ತಿದ್ದೆಯಂತೆ. “ಆಕೀನ ಕೇಳಾಕ ಯಾರಿಗೂ ಧೈರ್ಯ ಇರಲಿಲ್ಲವ್ವಾ” ಎಂದು ಅಜ್ಜಿ ಅಂದಿದ್ದಳು.

ವರ್ಷಕ್ಕೊಮ್ಮೆ ಏಳಿಕೆಯ ದಿನ ಪ್ರತಿ ಮನೆತನವೂ ತನ್ನ ಕಥೆಯನ್ನು ಕೇರಿಯ ಮುಂದೆ ಹೇಳಬೇಕು. ನಮ್ಮದು ಚಿಕ್ಕದು. ನೀರು ಬಂತು, ಒಂದೇ ಹಗ್ಗ ಹಿಡಿದು ಎಲ್ಲರೂ ಬಂದೆವು. ಅಷ್ಟೇ. ಬೇರೆ ಮನೆಗಳವರು ಸತ್ತವರ ಹೆಸರು ಹೇಳಿ ಅಳುವಾಗ ನಾವು ‘ಎಲ್ಲರೂ ಬಂದೆವು’ ಎಂದು ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದೆವು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರಲ್ಲ, ಆ ಬಂಗಾರವನ್ನೇ ನೀನು ನಮಗೆ ಬಳುವಳಿ ಕೊಟ್ಟೆ.

ಈ ವರ್ಷ ನಮ್ಮ ಬಾವಿಗಳಲ್ಲಿ ಉಪ್ಪು ಬಂತು. ನೀರು ಕುದಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪುಡಿ ನಿಲ್ಲುತ್ತದೆ. ನೀನಾದರೆ ಖುಷಿ ಪಡುತ್ತಿದ್ದೆಯೋ ಏನೋ. ಹತ್ತಾರು ಮುದುಕರಿಗೆ ಸಾಲುವಷ್ಟು ಸಿಹಿನೀರು ಉಳಿದಿದೆ, ಕೇರಿಗೆ ಸಾಲದು. ಹಿರಿಯರ ಕೂಟ ಕೂತು ಎರಡನೆಯ ಏಳಿಕೆ ಎಂದು ಸಾರಿತು. ತುಂಗೆಯ ಮೇಲ್ದಂಡೆಯಲ್ಲಿ ಜಾಗ ಸಿಕ್ಕಿದೆ. ಗಂಡಸರು ಮೊದಲು ಹೋಗಿ ಮನೆ ತೋಡಬೇಕು, ಉಳಿದವರು ಬಂಡಿಗಳಲ್ಲಿ ಹಿಂದಿನಿಂದ.

ನನ್ನ ಅಳಿಯ ಒಳ್ಳೆಯವನು, ಬೇರೆ ಮನೆತನದವನು. ಹೊರಡುವ ಬೆಳಿಗ್ಗೆ ಎಲ್ಲ ತಂದೆಯರ ಹಾಗೆ ಮಗಳ ಕೆನ್ನೆ ಹಿಂಡಿ, ಬಾಗಿಲ ಮುಂದಿನ ಕಲ್ಲಿನ ಮೇಲೆ ಅವಳನ್ನು ಕೂರಿಸಿ, “ಇಲ್ಲೇ ಕೂತಿರು ಮಗಳ, ಬರ್ತೀನಿ” ಎಂದು ನಡೆದುಬಿಟ್ಟ. ನಮ್ಮ ಮನೆಯಲ್ಲಿ ನೂರು ವರ್ಷದಿಂದ ಯಾರೂ ಆಡದ ಎರಡು ಮಾತನ್ನು ಆ ಮಹಾರಾಯ ಒಂದೇ ಉಸಿರಿಗೆ ಆಡಿದ. ಒಳಗೆ ಶರಾವತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮಗು ಅದನ್ನು ಕೇಳಿತು. ಮಾತು ಕಲಿಯುವ ಮೊದಲೇ ಮಕ್ಕಳು ತಾಯಿಯ ಕೈ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಕಲಿತಿರುತ್ತಾರೆ.

ಅಂದಿನಿಂದ ಗಂಗಾವಳಿ, ನಮ್ಮ ಗಂಗೂ, ಕಲ್ಲು ಬಿಟ್ಟು ಏಳಲಿಲ್ಲ. ಬಹಿರ್ದೆಸೆಗೆ ಎತ್ತಿಕೊಂಡು ಹೋಗಬೇಕು, ತಿರುಗಿ ಅಲ್ಲಿಗೇ ತಂದು ಬಿಡಬೇಕು, ಇಲ್ಲದಿದ್ದರೆ ಉಸಿರು ಕಟ್ಟಿ ನೀಲಿಯಾಗುತ್ತಾಳೆ. ಏಳು ವರ್ಷದ ಹುಡುಗಿ. ನಾವೆಲ್ಲ ಅಪ್ಪನ ಮೇಲಿನ ಆಸೆ ಎಂದುಕೊಂಡೆವು. ಅಳಿಯ ಅಲ್ಲಿಂದಲೇ ಮುಖ ತೋರಿಸಿ ಮಾತಾಡಿದ. ದೂರದವರ ಮುಖ ನೋಡುವುದು ನಿನ್ನ ಕಾಲದಲ್ಲೂ ಇತ್ತಲ್ಲ, ಅದನ್ನು ವಿವರಿಸಬೇಕಿಲ್ಲ. “ಬಾ ಮಗಳ, ನಿನಗ ಅಂತ ಕಿಟಕಿ ಇಟ್ಟೀನಿ” ಎಂದ. ಗಂಗೂ ಅವನನ್ನು ನೋಡಿ ನಕ್ಕಳು, ಊಟ ಮಾಡಿದಿಯಾ ಎಂದು ಕೇಳಿದಳು, ಏಳಲಿಲ್ಲ. ಆಗ ನನಗೆ ತಿಳಿಯಿತು. ಅವಳು ಕಾಯುತ್ತಿದ್ದುದು ಅಪ್ಪನಿಗಾಗಿ ಅಲ್ಲ.

ಏಳದವರಿಗೆ ಮಂಪರು ಮದ್ದು ಕೊಟ್ಟು ಬಂಡಿಗೆ ಹಾಕುವುದು ಕೂಟದ ಕ್ರಮ. ಶರಾವತಿಗೂ ಅದೇ ಸರಿ ಎನಿಸಿತ್ತು, ತಾಯಿಗೆ ಮಗು ಕೈಗೆ ಸಿಕ್ಕರೆ ಸಾಕು. ಆದರೆ ನಿದ್ದೆಯಲ್ಲಿ ಎತ್ತಿ ತಂದವರನ್ನು ನಾನು ಕಿವಿಮನೆಯಲ್ಲಿ ಕೇಳಿದ್ದೇನೆ. ಅವರು ಹೊಸ ಊರಿನಲ್ಲಿ ಮದುವೆಯಾಗುತ್ತಾರೆ, ದುಡಿಯುತ್ತಾರೆ, ಮುದುಕರಾಗುತ್ತಾರೆ. ಒಳಗೆ ಮಾತ್ರ ಹಳೆಯ ಜಾಗದಲ್ಲೇ ಕೂತಿರುತ್ತಾರೆ. ನನ್ನ ಮೊಮ್ಮಗಳು ಹಾಗಾಗುವುದು ನನಗೆ ಬೇಡವಾಗಿತ್ತು. ಸ್ವಂತ ರಕ್ತಕ್ಕೆ ಕಿವಿ ಕೊಡಬಾರದೆಂದು ನಮ್ಮ ಕಸುಬಿನ ನಿಯಮ, ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಬೇರೆ. ಎರಡನ್ನೂ ಬದಿಗಿಟ್ಟು ನಾನು ಕಲ್ಲಿನ ಹಿಂದೆ, ಅವಳ ಬೆನ್ನಿಗೆ, ಗೋಣಿ ಹಾಸಿಕೊಂಡು ಕೂತೆ.

ಮೊದಲು ಅವಳು ಮಣ್ಣಿನಲ್ಲಿ ಗೆರೆ ಎಳೆದು ಅಳಿಸುತ್ತಿದ್ದಳು. ಆಮೇಲೆ ಒಂದು ಮಧ್ಯಾಹ್ನ ತಟ್ಟನೆ ತಿರುಗಿ ನನ್ನ ಮೊಣಕಾಲಿಗೆ ಗುದ್ದತೊಡಗಿದಳು. “ಈಗ ಬಂದಿ? ಇಷ್ಟು ದಿನ ಎಲ್ಲಿ ಹೋಗಿದ್ದಿ?” ಎಂದಳು. ನಾನು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇದ್ದೆ. ಕೇಳುವವರನ್ನು ಬೇರೆ ಯಾರೋ ಎಂದು ತಿಳಿದು ಬಯ್ಯುವುದು, ಹೊಡೆಯುವುದು ಚಾಪೆಯ ಮೇಲೆ ದಿನವೂ ನಡೆಯುತ್ತದೆ, ನನಗೆ ಹೊಸದಲ್ಲ. ಆದರೆ ಆ ಏಟು ನಿನಗೆ ಸೇರಬೇಕಾದದ್ದು, ಶೇವಂತಿ. ನಿನ್ನ ಬದಲಿಗೆ ನಾನು ತಿಂದೆ. ನೋವಾಯಿತು.

ಅಂದು ಸಂಜೆ ಎರಡು ಕಟ್ಟಳೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ‘ಇಲ್ಲೇ ಕೂತಿರು’ ಎನ್ನಬಾರದು, ‘ಬರ್ತೀನಿ’ ಎನ್ನಬಾರದು. ಎರಡನ್ನೂ ಸೇರಿಸಿದರೆ ಒಂದು ಪೂರ್ತಿ ಮಾತಾಗುತ್ತದೆ. ಅದನ್ನು ನೀನು ಯಾರಿಗೋ ಹೇಳಿದ್ದೀಯೆ. ನೀರು ಏರುತ್ತಿದ್ದಾಗ, ಆಗರದ ದಂಡೆಯ ಮೇಲೋ, ಮನೆಯ ಜಗಲಿಯಲ್ಲೋ. ಅವರು ನಿನ್ನ ಮಾತು ನಂಬಿ ಕೂತರು. ನೀನು ತಿರುಗಿ ಹೋಗಲಿಲ್ಲ, ಹೋಗಲು ಆಗಲಿಲ್ಲ. ಇದು ನನ್ನ ಊಹೆ. ನಮ್ಮ ಕಸುಬಿನಲ್ಲಿ ಊಹೆಗೂ ಒಂದು ಮರ್ಯಾದೆ ಇದೆ, ಕೇಳಿದವರ ಮೈ ಅದಕ್ಕೆ ಹೂಂಗುಟ್ಟಿದರೆ.

ಮರುದಿನ ಗಂಗೂ ತಾನಾಗಿಯೇ ಕೇಳಿದಳು. “ಆಯೀ, ನಾ ಎದ್ದರ ಇಲ್ಲಿ ಯಾರು ಕೂಡೋರು?” ಆಯಿ ಎಂದರೆ ಇಲ್ಲಿ ಅಜ್ಜಿ.

ಇಂಥ ಕಡೆ ಕೇಳುವವರು ಸುಮ್ಮನಿರಬೇಕು. ಮಗು ತಾನೇ ಒಂದು ತಿಂಗಳಿಗೋ ವರ್ಷಕ್ಕೋ ಉತ್ತರ ಹುಡುಕಿಕೊಳ್ಳುತ್ತದೆ. ನನ್ನ ಬಳಿ ವರ್ಷ ಇರಲಿಲ್ಲ, ಬಂಡಿ ಎರಡು ದಿನಕ್ಕೆ ಬರುವುದಿತ್ತು. ನಾನು ಬಾಯಿ ಬಿಟ್ಟೆ. “ನಿನಗಿಂತ ಭಾಳ ಮೊದಲ ಇಂಥಾ ಒಂದು ಜಾಗಾದಾಗ ನಮ್ಮವರೊಬ್ಬರು ಕೂತಿದ್ರವ್ವಾ. ಬರ್ತೀನಿ ಅಂತ ಹೇಳಿ ನಾವು ತಿರುಗಿ ಹೋಗಲಿಲ್ಲ. ಅವರ ಹೆಸರು ನನಗ ಗೊತ್ತಿಲ್ಲ” ಎಂದೆ. ಎಲ್ಲರೂ ಬಂದೆವು ಎನ್ನುವ ಮನೆತನದಲ್ಲಿ ಈ ಮಾತು ಮೊದಲ ಸಲ ಗಾಳಿಗೆ ಬಿತ್ತು. ಮೆಟ್ಟಿಲ ಕೆಳಗೆ ಶರಾವತಿ ನಿಂತಿದ್ದಳು. ನನ್ನ ಮಗಳು ಅತ್ತದ್ದನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ. ಅಂದು ಗೋಡೆಗೆ ಹಣೆ ಹಚ್ಚಿ ಅತ್ತಳು.

ಗಂಗೂ ಮಾತ್ರ ಅಳಲಿಲ್ಲ. ಅವಳಿಗೆ ವ್ಯವಹಾರ ಮುಗಿದಿರಲಿಲ್ಲ. “ಹೌದು, ಆದರ ಈಗ ಯಾರು ಕೂಡೋರು?” ಎಂದು ಮತ್ತೆ ಕೇಳಿದಳು.

“ನಾ ಕೂಡ್ತೀನಿ” ಎಂದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು, ಸುಳ್ಳೋ ನಿಜವೋ ಎಂದು ಅಳೆಯುವ ಹಾಗೆ. ಆಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟಳು. ನಾನು ಕೂತೆ. ಅವಳು ಎದ್ದಳು. ಕಾಲು ಜೋಮು ಹಿಡಿದು ಒಮ್ಮೆ ಬಿದ್ದಳು, ಮತ್ತೆ ಎದ್ದು ಒಳಗೆ ಹೋಗಿ ರೊಟ್ಟಿ ಕೇಳಿದಳು.

ಶರಾವತಿ ನನ್ನ ಮೇಲೆ ಹರಿಹಾಯ್ದಳು. “ಎವ್ವಾ, ನಿನಗ ಬುದ್ಧಿ ಐತೇನು? ಕೂಸಿಗೆ ಸಮಾಧಾನ ಹೇಳಾಕ ಹೋಗಿ ನೀನ ಕೂಡತಿಯಾ?” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ನನಗೆ ಕಲಿಸಿದವರು ಇದ್ದಿದ್ದರೆ ಅವರೂ ಒಪ್ಪುತ್ತಿರಲಿಲ್ಲ. ಖಾಲಿ ಜಾಗವನ್ನು ಖಾಲಿ ಎಂದು ತೋರಿಸಿಕೊಡುವುದು ನಮ್ಮ ಕೆಲಸ, ಅದರಲ್ಲಿ ಹೋಗಿ ಕೂರುವುದಲ್ಲ. ಮನೆತನ ಮತ್ತೆ ಒಬ್ಬರನ್ನು ಬಿಟ್ಟು ಎದ್ದಂತಾಯಿತು, ಹಳೆಯದೇ ಮರುಕಳಿಸಿತು ಎನ್ನುತ್ತಿದ್ದರು. ನಾನು ಶರಾವತಿಗೆ ಹೇಳಿದೆ, ಮಗುವಿಗೆ ಕೊಟ್ಟ ಮಾತು, ಈ ಮನೆಯಲ್ಲಿ ಇನ್ನೊಂದು ಸಲ ಅದು ಸುಳ್ಳಾಗುವುದು ಬೇಡ. ಉಳಿಯುವ ಮುದುಕರಲ್ಲಿ ನಾನೂ ಒಬ್ಬಳು, ನೀರಿದೆ, ಜೋಳವಿದೆ. ಪಕ್ಕದ ಹಗೇವಿನ ಕಲ್ಲಪ್ಪನೂ ಉಳಿಯುತ್ತಾನೆ. ಅವನು ಉಳಿಯುವುದು ಸಿಟ್ಟಿಗೆ, ಬಂಡಿಯಲ್ಲಿ ತನಗೆ ಹಿಂದಿನ ಸೀಟು ಕೊಟ್ಟರೆಂದು.

ನೀನು ಎಲ್ಲರನ್ನೂ ಹೊತ್ತು ತಾ ಎಂದು ನಾನು ಕೇಳುವುದಿಲ್ಲ, ಶೇವಂತಿ. ನಿನ್ನ ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಹಗ್ಗ ಇರುತ್ತದೆ. ಮೂರನೆಯ ಕೈ ದೇವರು ಯಾರಿಗೂ ಕೊಟ್ಟಿಲ್ಲ. ಈಗ ಈ ಕಾಗದ ಹಿಡಿದು ನಿನ್ನ ಮನೆಯೊಳಗೆ ಒಮ್ಮೆ ಕಣ್ಣಾಡಿಸು. ತಂಗಿಯೋ, ಕಾಲಿಲ್ಲದ ಮಾವನೋ, ಇನ್ನೊಂದು ಕೂಸೋ, ಯಾರ್ಯಾರಿದ್ದಾರೆ ನನಗೆ ತಿಳಿಯದು. ಅವರಲ್ಲಿ ಒಬ್ಬರು ಉಳಿಯುತ್ತಾರೆ. ನಾನು ನಿನ್ನನ್ನು ಬಯ್ಯುವುದಿಲ್ಲ. ಮೇಲೆ ಬಂದ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಇಂಥವರನ್ನು ಕೂರಿಸಿ ಬಂದೆ ಎಂದು ಹೇಳು. ಅವಳು ಅತ್ತರೆ ಅಳಲಿ, ನೀನೂ ಅಳು. ಅದನ್ನು ನುಂಗಿಕೊಂಡು ನಮ್ಮ ಬಾಯಿಗೆ ಹೊಡೆಯಬೇಡ.

ಬಂಡಿ ನಿನ್ನೆ ಹೋಯಿತು. ನಾನು ಕಲ್ಲಿನ ಮೇಲೆಯೇ ಇದ್ದೆ. ಮೊಮ್ಮಗಳು ತಾಯಿಯ ಮಡಿಲಿನಿಂದ ಅರ್ಧ ಹೊರಗೆ ಬಾಗಿ, “ಆಯೀ, ಹೋಗಿ ಬರ್ತೀನಿ” ಎಂದು ಕೂಗಿದಳು. ಶರಾವತಿಯ ಕೈ ತಾನಾಗಿಯೇ ಹೋಗಿ ಅವಳ ಬಾಯಿ ಮುಚ್ಚಿತು. ಆಮೇಲೆ ಶರಾವತಿ ನನ್ನ ಕಡೆ ನೋಡಿದಳು, ಕೈ ತೆಗೆದಳು. ಹುಡುಗಿ ಇನ್ನೊಮ್ಮೆ ಪೂರ್ತಿ ಹೇಳಿದಳು. ನಾನು ‘ಹೋಗಿ ಬಾ’ ಎಂದೆ.

ಅವಳು ಬರುವುದಿಲ್ಲ. ಬಂದರೂ ಅಷ್ಟು ಹೊತ್ತಿಗೆ ನಾನು ಇರುವುದಿಲ್ಲ. ಆದರೆ ಆ ಬಂಡಿಯಲ್ಲಿ ಹೋದವರಿಗೆಲ್ಲ ಇಲ್ಲಿ ಕೂತವಳು ಯಾರು, ಯಾಕೆ ಕೂತಳು ಎನ್ನುವುದು ಗೊತ್ತಿದೆ. ಬರುವ ಏಳಿಕೆಯ ದಿನ ನನ್ನ ಹೆಸರು ಹೇಳಿ ಅಳುತ್ತಾರೆ, ಅತ್ತು ಊಟ ಮಾಡುತ್ತಾರೆ. ನೀನು ಕೂರಿಸಿ ಬರುವವರ ಹೆಸರು ಮಾತ್ರ ನಿನಗೊಬ್ಬಳಿಗೇ ಗೊತ್ತಿರುತ್ತದೆ. ಹೇಳಿಬಿಡು, ನನ್ನವ್ವ.

ನಿಂಬೆವ್ವ