ಮಗಳು ಕೆಲಸ ಬಿಟ್ಟ ದಿನ

ಗುರುವಾರ, ಹದಿನಾಲ್ಕು.

ನನ್ನದೇ ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಗಳು ಇವತ್ತು ರಾಜೀನಾಮೆ ಕೊಟ್ಟಳು. ಸರ್ಕಾರಿ ಶಾಲೆಯ ಶಿಕ್ಷಕಿಯರು ಹಿಜಾಬ್ ತೊಡುವಂತಿಲ್ಲ ಎಂಬ ನಿಯಮ ಸೋಮವಾರದಿಂದ ಜಾರಿ. ಶಿಕ್ಷಕರ ಸಭೆಯಲ್ಲಿ ಅದರ ಪರವಾಗಿ ಮಾತಾಡಿದವಳು ನಾನು. ಸರ್ಕಾರಕ್ಕೆ ಧರ್ಮ ಇರಬಾರದು ಎಂದು ಮೂವತ್ತು ವರ್ಷ ಇದೇ ಶಾಲೆಯಲ್ಲಿ ಪಾಠ ಹೇಳಿದ್ದೇನೆ. ಹದಿನೆಂಟರ ವಯಸ್ಸಿನಲ್ಲಿ ಅಬ್ಬಾನ ಎದುರು ನಿಂತು ನನ್ನ ಹಿಜಾಬ್ ತೆಗೆದಿಟ್ಟಿದ್ದೇನೆ.

ಅವಳು ಪ್ರಯೋಗಾಲಯದ ಕಪಾಟು ಖಾಲಿ ಮಾಡುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು, "ಶಾಲೆಯೊಳಗೆ ಮಾತ್ರ ತೆಗೆದಿಟ್ರೆ ಏನಾಗುತ್ತೆ? ಮಕ್ಕಳ ಮುಖ ನೋಡಿಯಾದ್ರೂ..." ಎಂದೆ.

ಅವಳು ದನಿ ಏರಿಸಲಿಲ್ಲ. "ಸರ್ಕಾರಕ್ಕೆ ಧರ್ಮ ಬೇಡ, ಒಪ್ಪಿದೆ ಅಮ್ಮೀ. ಆದ್ರೆ ನಾನು ಸರ್ಕಾರನಾ? ಬೆಳಕು ಹೇಗೆ ಬಾಗುತ್ತೆ ಅಂತ ಹೇಳ್ಕೊಡೋ ಟೀಚರ್, ಅಷ್ಟೆ."

"ನಿನ್ನ ಮೇಲೆ ಯಾರ ಬಲವಂತನೂ ಇರಬಾರದು ಅಂತಲೇ ಕಣೇ ನಾನು..."

"ನಿಮ್ಮ ಅಬ್ಬಾ ಹಾಕ್ಕೋ ಅಂದಾಗ ನೀನು ಕೇಳಲಿಲ್ಲ. ಈಗ ನೀನು ತೆಗಿ ಅಂತಿದ್ದೀಯ, ನಾನೂ ಕೇಳಲ್ಲ. ನಿನ್ನ ಮಗಳೇ ಅಲ್ವಾ?"

ಹಾಗೆಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗುವನ್ನು ತಡೆಯಲಾಗದೆ ಹೊರಗೆ ಬಂದುಬಿಟ್ಟೆ.

ಏಳನೇ ತರಗತಿಯ ಹುಡುಗಿಯರು ಅವಳ ಪೆಟ್ಟಿಗೆಯನ್ನು ಗೇಟಿನವರೆಗೆ ಹೊತ್ತರು. ವಾಪಸು ಬಂದು, "ಟೀಚರ್ ಮತ್ತೆ ಯಾವಾಗ ಬರ್ತಾರೆ, ಮೇಡಂ?" ಎಂದು ನನ್ನನ್ನೇ ಕೇಳಿದರು. "ಬೆಲ್ ಆಯ್ತು, ಒಳಗೆ ನಡೀರಿ" ಎಂದು ಗದರಿದೆ.

ನಾನು ನಂಬಿದ್ದು ತಪ್ಪು ಎಂದು ಈಗಲೂ ಅನ್ನಿಸುತ್ತಿಲ್ಲ. ರಾತ್ರಿ ಮನೆಯಲ್ಲಿ ಅದನ್ನೇ ಹೇಳಿಕೊಳ್ಳುತ್ತಾ ಎರಡು ಸಲ ಅವಳ ಕೋಣೆಯವರೆಗೆ ಹೋಗಿ, ಬಾಗಿಲು ತಟ್ಟದೆ ಬಂದೆ. ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ನಾನೊಬ್ಬಳೇ. ಆರು ವರ್ಷದಿಂದ ಕಿಟಕಿ ಪಕ್ಕದ ಸೀಟು ಅವಳದು, ಅಲ್ಲಿ ನಾನು ಹೇಗೆ ಕೂರಲಿ?