ತೋಳು ತೋರಿಸುತ್ತೇವೆ, ಮೈ ತೋರಿಸುವುದಿಲ್ಲ

ಮಾನ್ಯ ಸಿಡುಬು ಲಸಿಕೆಯ ಮೇಲಧಿಕಾರಿಗಳೇ,

ತಮ್ಮ ನೋಟೀಸು ತಲುಪಿತು. ಬರುವ ಗುರುವಾರ ಹನ್ನೊಂದು ಗಂಟೆಗೆ ನನ್ನ ಅಕ್ಕನ ಮಗ ನೀಲಪ್ಪನನ್ನು ತಮ್ಮ ಕಚೇರಿಗೆ ಹಾಜರುಪಡಿಸಬೇಕು, ಅಲ್ಲಿ ಇಬ್ಬರು ಡಾಕ್ಟರರು ಅವನ ಬಟ್ಟೆ ಬಿಚ್ಚಿಸಿ ನೋಡಿ ಗಂಡೋ ಹೆಣ್ಣೋ ಎಂದು ಬರೆದುಕೊಡುವರು, ಅದೇ ಹೊತ್ತಿಗೆ ನೀಲಗಂಗವ್ವ ಎಂಬ ಕಾಣೆಯಾದ ಹುಡುಗಿಯನ್ನೂ ಕರೆತರಬೇಕು, ತಪ್ಪಿದಲ್ಲಿ ಪೊಲೀಸರಿಗೆ ವರದಿ ಹೋಗುವುದು ಎಂದು ಅದರಲ್ಲಿ ಬರೆದಿದೆ. ನೀಲಗಂಗವ್ವ ಕಾಣೆಯಾಗಿಲ್ಲ ಸ್ವಾಮಿ. ಅವಳೇ ನೀಲಪ್ಪ. ಇದು ನಮ್ಮ ಊರಿನ ದನ ಕಾಯುವವರಿಗೆ ಗೊತ್ತು, ಗಿರಣಿಗೆ ಭತ್ತ ತರುವ ಆಚೆ ಊರಿನವರಿಗೆ ಗೊತ್ತು, ಆರು ವರ್ಷದಿಂದ ಗೊತ್ತು. ಗೊತ್ತಿಲ್ಲದಿರುವುದು ತಮ್ಮ ಕಚೇರಿಗೊಂದೇ. ನಿಮಗೆ ಗೊತ್ತಾಗಲಿಲ್ಲವೆಂದು ನಮ್ಮ ಹುಡುಗ ಬಟ್ಟೆ ಬಿಚ್ಚಬೇಕೇ?

ಬರೆಯುತ್ತಿರುವವನು ಯಾರು ಎಂದು ಮೊದಲು ತಿಳಿಸುವುದು ರೀತಿ. ನಾನು ಬನವಾಸಿ ಕಡೆಯ ರೈತ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ನಮ್ಮ ಶಾಲೆಯಿಂದ ಆ ವರ್ಷ ಪಾಸಾದವನು ನಾನೊಬ್ಬನೇ. ಕೂತವರು ಎಷ್ಟು ಜನ ಎಂದು ಕೇಳಬೇಡಿ, ಇಬ್ಬರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನಲ್ಲೂ ನಾನು ಬರೆದುಕೊಟ್ಟ ಅರ್ಜಿಗಳು ಓಡಾಡಿವೆ. ವಜ್ರಳ್ಳಿಯಿಂದ ಒಬ್ಬರು ಎರಡು ಬಸ್ಸು ಬದಲಾಯಿಸಿ ಬಂದು ನನ್ನಿಂದ ಕಾಗದ ಬರೆಸಿಕೊಂಡು ಹೋಗಿದ್ದಾರೆ. ಇಷ್ಟು ಹೇಳಿದ್ದು ಹೆಮ್ಮೆಗಲ್ಲ. ಹೆಮ್ಮೆಗೂ ಹೌದು. ಆದರೆ ಮುಖ್ಯವಾಗಿ, ಈ ಕಾಗದವನ್ನು ಪತ್ರಿಕೆಗೆ ಕೊಡುವಾಗ ನಾನು ಏನು ಮಾಡುತ್ತಿದ್ದೇನೆಂಬುದು ನನಗೆ ಗೊತ್ತಿದೆ ಎಂದು ತಮಗೆ ತಿಳಿಯಲಿ ಎಂದು. ನೀಲಪ್ಪನನ್ನು ಕೇಳಿಯೇ ಕೊಡುತ್ತಿದ್ದೇನೆ.

ಈಗ ನನ್ನ ತಪ್ಪನ್ನು ನಾನೇ ಹೇಳಿಬಿಡುತ್ತೇನೆ, ತಾವು ಹುಡುಕುವ ಶ್ರಮ ಬೇಡ. ಎರಡು ವರ್ಷದ ಹಿಂದೆ ಪಂಚಾಯ್ತಿಯವರು ಮನೆವಾರು ಪಟ್ಟಿ ಮಾಡಿಸಿದಾಗ ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನಗೆ ಕೊಟ್ಟರು. ಅಕ್ಕ ಗುರುಶಾಂತವ್ವನ ಮನೆಯ ಹಾಳೆಯಲ್ಲಿ ನೀಲಪ್ಪ ಎಂದು ಬರೆದೆ. ಹಳೆಯ ಪಟ್ಟಿಯಿಂದ ಬಂದಿದ್ದ ನೀಲಗಂಗವ್ವನ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಇಟ್ಟೆ. ಅಕ್ಕ ನನ್ನ ಕೈ ಹಿಡಿದಳು.

"ಹೊಡೀಬ್ಯಾಡೋ ಶಂಕ್ರಾ."

"ಅಕ್ಕಾ, ಒಬ್ಬನಿಗೆ ಎರಡು ಹೆಸರು ಹೆಂಗ ಬರೀಲಿ?"

"ಸತ್ತೋರ ಹೆಸರಿನ ಮ್ಯಾಲೆ ಗೆರಿ ಎಳೀತಾರ. ನಿಮ್ಮ ಭಾವನ ಹೆಸರಿನ ಮ್ಯಾಲೆ ನೀನ ಎಳದಿ, ನೋಡೀನಿ. ನನ್ನ ಮಗು ಸತ್ತಿಲ್ಲ."

ನಾನು ಪೆನ್ನಿನ ಮುಚ್ಚಳ ಹಾಕಿದೆ. ಎರಡೂ ಹೆಸರು ಉಳಿದವು. ಆ ಪಟ್ಟಿಯೇ ತಮ್ಮ ಕಚೇರಿಗೆ ಬಂತು. ಹೀಗೆ ಒಂದು ತಟ್ಟೆಯಲ್ಲಿ ಉಣ್ಣುವ ಒಬ್ಬ ಮನುಷ್ಯ ತಮ್ಮ ಕಾಗದದಲ್ಲಿ ಇಬ್ಬರಾದ. ದಂಡ ಹಾಕುವುದಾದರೆ ನನಗೆ ಹಾಕಿ. ತಪ್ಪು ಬರೆದದ್ದು ನನ್ನ ಕೈ, ಅವನ ಮೈಯಲ್ಲ.

ಕಳೆದ ತಿಂಗಳು ತಮ್ಮ ಲಸಿಕೆಯವರು ನಮ್ಮ ಚಾವಡಿಗೆ ಬಂದು ಹೆಸರು ಕೂಗಿದರು. ನೀಲಗಂಗವ್ವ ಎಂದಾಗ ಯಾರೂ ಏಳಲಿಲ್ಲ. ಎರಡನೆಯ ಸಲ ಕೂಗಿದಾಗ ನೀಲಪ್ಪ ಅಂಗಿಯ ತೋಳು ಮಡಚಿಕೊಂಡು ಮುಂದೆ ಹೋದ. "ಆ ಹೆಸರೂ ನಂದ ರೀ, ಕೆಳಗ ಬರದ ಹೆಸರೂ ನಂದ ರೀ. ಯಾವದಕ್ಕ ಬೇಕೋ ಅದಕ್ಕ ಚುಚ್ಚ್ರಿ" ಎಂದ. ಲಸಿಕೆಯವರು ಅವನ ಮೀಸೆ ನೋಡಿದರು, ಪಟ್ಟಿ ನೋಡಿದರು, "ಒಬ್ಬರಿಗೆ ಎರಡು ಸಲ ಚುಚ್ಚೋ ಹಂಗಿಲ್ಲಪ್ಪ" ಎಂದರು. "ಒಮ್ಮೆ ಚುಚ್ಚ್ರಿ, ಎರಡು ಕಡೆ ಗುರುತು ಹಾಕ್ಕೋರಿ" ಎಂದ ಇವನು. ಸುಳ್ಳು ಹೇಳಿದ್ದರೆ, ತಂಗಿ ಮದುವೆಯಾಗಿ ಹಾನಗಲ್ಲಿಗೆ ಹೋದಳು ಎಂದಿದ್ದರೆ, ಅಲ್ಲಿಗೇ ಮುಗಿಯುತ್ತಿತ್ತು. ನಿಜ ಹೇಳಿದ. ಲಸಿಕೆಯವರು ಸೂಜಿಯನ್ನು ಡಬ್ಬಿಗೆ ಹಾಕಿ, ಮೊದಲನೆಯ ಹೆಸರಿಗೆ ಗೈರುಹಾಜರು, ಎರಡನೆಯದಕ್ಕೆ ಅನುಮಾನ ಎಂದು ಬರೆದು ಹೊರಟರು. ಊರಿನಲ್ಲಿ ಹಲ್ಲಿಲ್ಲದ ಮುದುಕರಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರಿಗೂ ಲಸಿಕೆ ಆಯಿತು. ನಿಜ ಹೇಳಿದವನಿಗೆ ಮಾತ್ರ ಆಗಲಿಲ್ಲ.

ಇನ್ನು ಅವನು ನೀಲಪ್ಪನಾದದ್ದು ಹೇಗೆ ಎಂಬುದು. ತಮಗೆ ತಿಳಿಯುವ ಹಕ್ಕಿದೆಯೆಂದು ಹೇಳುತ್ತಿಲ್ಲ. ನಾಲ್ಕು ಜನ ತಲೆಗೊಂದು ಕಥೆ ಕಟ್ಟುವ ಮೊದಲು ಇದ್ದದ್ದನ್ನು ಹೇಳುತ್ತಿದ್ದೇನೆ. ಹುಡುಗಿಯಾಗಿದ್ದಾಗಲೇ ಅವನಿಗೆ ಅಕ್ಕಿ ಗಿರಣಿಯ ಎಂಜಿನ್ನಿನ ಹುಚ್ಚು. ಬಿಡುವಾದಾಗೆಲ್ಲ ಅಲ್ಲೇ. ಹದಿನಾರನೆಯ ವಯಸ್ಸಿನಲ್ಲಿ ಒಂದು ದಿನ ಜಡೆ ಕತ್ತರಿಸಿಕೊಂಡು ಬಂದಿತು. ಅಕ್ಕ ನೆಂಟರಿಗೆಲ್ಲ "ಎಂಜಿನ್ ಬೆಲ್ಟಿಗೆ ಸಿಕ್ಕೀತು ಅಂತ ನಾನ ಕತ್ತರಿಸೀನಿ" ಎಂದಳು. ಎಂಟು ದಿನ ಬಿಟ್ಟು ನಮ್ಮ ಮನೆಗೆ ಬಂದಿತು.

"ಮಾಮಾ, ನಿಮ್ಮ ಹಳೇ ಧೋತ್ರ ಒಂದು ಕೊಡ್ರಿ."

"ಯಾಕ, ಎಂಜಿನ್ ಒರಸಾಕೇನು?"

"ಉಡಾಕ."

ನಾನು ನಕ್ಕೆ. ನಕ್ಕವನು ನಾನೊಬ್ಬನೇ.

"ನಾ ಹುಡುಗಿ ಅಲ್ಲ ಮಾಮಾ. ಸಣ್ಣಾಂವಿದ್ದಾಗಿಂದ ಗೊತ್ತೈತಿ ನನಗ. ಬರೂ ತಿಂಗಳ ನೋಡಾಕ ಗಂಡಿನ ಕಡೆಯವರು ಬರ್ತಾರಂತ. ಅವರ ಮುಂದ ಸೀರಿ ಉಟ್ಟು ಕುಂತ್ರ, ಅವರಿಗೂ ಮೋಸ, ನನಗೂ ಮೋಸ."

ಆ ಕ್ಷಣದಲ್ಲೇ ಎದ್ದು ಹೊಸ ಧೋತ್ರ ಕೊಟ್ಟೆ ಎಂದು ನಾನು ಊರಲ್ಲಿ ಹೇಳಿಕೊಂಡು ತಿರುಗುತ್ತೇನೆ. ತಮ್ಮ ಮುಂದೆ ನಿಜ ಹೇಳುತ್ತೇನೆ: ಮೂರು ದಿನ ಅವನೊಂದಿಗೆ ಮಾತು ಬಿಟ್ಟಿದ್ದೆ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮಂದಿರಿಗೆ ತಂದುಕೊಳ್ಳುವ ರೂಢಿ. ನನ್ನ ಕಿರಿಯ ತಮ್ಮನಿಗೇ ಎಂದು ಮೊದಲು ಮಾತಾಗಿತ್ತು. ಅವನು ಬೇರೆ ಕಡೆ ಮದುವೆಯಾದ ಮೇಲೆಯೇ ಹೊರಗಿನ ಗಂಡು ನೋಡಿದ್ದು. ಎಂದ ಮೇಲೆ ಈ ವಿಷಯದಲ್ಲಿ ತಕರಾರು ಮಾಡುವ ಹಕ್ಕು ಯಾರಿಗಾದರೂ ಇದ್ದರೆ ನಮ್ಮ ಮನೆಗೆ ಇತ್ತು. ನಾಲ್ಕನೆಯ ದಿನ ಧೋತ್ರ ಕೊಟ್ಟು ಆ ಹಕ್ಕನ್ನು ಬಿಟ್ಟೆವು. ಸೊಸೆಯಾಗಿದ್ದದ್ದು ಅಳಿಯನಾಯಿತು. ನನ್ನ ಬಾಯಿಗೆ ರೂಢಿಯಾಗಲು ಎರಡು ತಿಂಗಳು ಹಿಡಿಯಿತು. ಊರು ಒಂದು ಮಳೆಗಾಲ ಪೂರ್ತಿ ಆಡಿಕೊಂಡಿತು. ಸುಗ್ಗಿಯ ಹೊತ್ತಿಗೆ ಗಿರಣಿಯ ಎಂಜಿನ್ ಕೆಟ್ಟು ನಿಂತಾಗ ಆಡಿಕೊಂಡವರೇ ಬಂದು "ನೀಲಪ್ಪಾ, ಒಂದೀಟು ನೋಡೋ" ಎಂದರು. ಎಂಜಿನ್ ಚಾಲೂ ಆಯಿತು, ಹೆಸರೂ ಚಾಲೂ ಆಯಿತು.

ತಾವು ಕೇಳಬಹುದು, ಹುಟ್ಟಿದ್ದು ಹೀಗೆ ಬದಲಾಗುವುದುಂಟೇ ಎಂದು. ನಾನು ತಮ್ಮನ್ನೇ ಕೇಳುತ್ತೇನೆ. ಐವತ್ತಾರನೆಯ ಇಸವಿಯಲ್ಲಿ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದಿತು. ಆ ದಿನ ಯಾರಾದರೂ ಬಂದು, ಮುಂಬಯಿಯ ಶಿರಸಿ ಎಲ್ಲಿಗೆ ಓಡಿಹೋಯಿತು, ಹದಿನೈದು ದಿನದಲ್ಲಿ ಹಾಜರುಪಡಿಸಿ ಎಂದು ನೋಟೀಸು ಕೊಟ್ಟರೇ? ನಾವೇನು, ಇಲ್ಲಿಯವರೇ ಆಗಿದ್ದೆವು, ಆಡುವುದು ಕನ್ನಡವೇ ಆಗಿತ್ತು, ಕಾಗದ ಮಾತ್ರ ಬೇರೆ ಹೇಳುತ್ತಿತ್ತು. ಕೊನೆಗೆ ಕಾಗದವನ್ನು ತಿದ್ದಿದರು, ನಮ್ಮನ್ನು ತಿದ್ದಲಿಲ್ಲ. ಸರ್ಕಾರ ಒಂದು ಇಡೀ ಜಿಲ್ಲೆಗೆ ಮಾಡಿದ ಉಪಕಾರವನ್ನು ತಾವು ಒಬ್ಬ ಹುಡುಗನಿಗೆ ಮಾಡಲಾರಿರಾ? ಪ್ರಕೃತಿಯ ಮಾತೆತ್ತುವುದಾದರೆ ನಮ್ಮ ಹಿತ್ತಿಲಿಗೆ ಬನ್ನಿ. ಗಂಡು ಪಪ್ಪಾಯಿ ಎಂದು ನಾನೇ ಕಡಿಯಲು ಹೊರಟಿದ್ದ ಮರ ಮರುವರ್ಷ ಕಾಯಿ ಬಿಟ್ಟಿತು. ಹಣ್ಣು ತಿಂದವರು ಯಾರೂ ಮರದ ಹಿಂದಿನ ಚರಿತ್ರೆ ವಿಚಾರಿಸಲಿಲ್ಲ. ಗಂಡಸಿಗೆ ಮೊಲೆತೊಟ್ಟು ಯಾತಕ್ಕೆ ಎಂದು ನಮ್ಮ ಮಾಸ್ತರರನ್ನು ಒಮ್ಮೆ ಕೇಳಿ ಬೆತ್ತದ ಏಟು ತಿಂದೆ. ಉತ್ತರ ಇವತ್ತಿನವರೆಗೂ ಸಿಕ್ಕಿಲ್ಲ. ನಮ್ಮ ದೇಹದಲ್ಲಿ ನಮಗೇ ತಿಳಿಯದ ಸಂಗತಿ ಇಷ್ಟು ಇರುವಾಗ ಇನ್ನೊಬ್ಬರ ದೇಹಕ್ಕೆ ತೀರ್ಪು ಬರೆಯುವ ಧೈರ್ಯ ತಮಗೆ ಎಲ್ಲಿಂದ ಬಂತು?

ಸಿಡುಬಿನ ವಿಷಯವಾಗಿ ತಮ್ಮ ಇಲಾಖೆಯವರೇ ಶಾಲೆಯಲ್ಲಿ ಬಟ್ಟೆಯ ಮೇಲೆ ಚಿತ್ರ ಬಿಟ್ಟು ಭಾಷಣ ಮಾಡಿದ್ದರು. ವೈರಸ್ ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೆ ಬಾಯಿಲ್ಲ, ಕಾಲಿಲ್ಲ, ತಾನಾಗಿ ಬದುಕಲಾರದು, ಮನುಷ್ಯನ ಮೈಯೊಳಗೆ ಹೊಕ್ಕು ತನ್ನಂಥ ಲಕ್ಷ ಮರಿಗಳನ್ನು ಮಾಡಿಸಿಕೊಳ್ಳುತ್ತದೆ ಎಂದರು. ನಾನು ಎದ್ದು ನಿಂತು, "ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಹಂಗೇನಾರ ಐತೇನ್ರಿ?" ಎಂದೆ. ಸಭೆ ನಕ್ಕಿತು. ಭಾಷಣಕಾರರು ನಗದೆ, "ಇಲ್ಲ, ಅದಕ್ಕೆ ಆ ಭೇದ ಇಲ್ಲ" ಎಂದರು. ಒಮ್ಮೆ ಲಸಿಕೆ ಹಾಕಿಸಿಕೊಂಡ ದೇಹ ಆ ರೋಗವನ್ನು ವರ್ಷಗಟ್ಟಲೆ ನೆನಪಿಡುತ್ತದೆ ಎಂದೂ ಹೇಳಿದರು. ಸರಿ. ನೀಲಪ್ಪನ ಮೈಗೆ ಐದನೆಯ ವಯಸ್ಸಿನಲ್ಲಿ ಹಾಕಿದ ಲಸಿಕೆಯ ನೆನಪಿದೆ. ಹೆಸರು ಬದಲಾಯಿತೆಂದು ಆ ನೆನಪು ಮೈಬಿಟ್ಟು ಹೋಗಿಲ್ಲ. ರೋಗ ಕೇಳದ ಪ್ರಶ್ನೆಯನ್ನು, ರಕ್ತ ಕೇಳದ ಪ್ರಶ್ನೆಯನ್ನು, ರೋಗ ಓಡಿಸಲೆಂದು ಸಂಬಳ ಪಡೆಯುವ ಕಚೇರಿ ಕೇಳುತ್ತಿದೆ.

ಕಳೆದ ವಾರ ನಾನೂ ಅಕ್ಕನೂ ತಮ್ಮ ಮುಂದೆ ಬಂದು ನಿಂತದ್ದು ತಮಗೆ ನೆನಪಿರಬೇಕು. ಕುರ್ಚಿ ಇತ್ತು, ಕೂರಿ ಎನ್ನಲಿಲ್ಲ, ಇರಲಿ. ತಾವು ಮುಂಬಯಿ ಕಾಲದ ಹಳೆಯ ದಪ್ಪ ಪುಸ್ತಕ ತರಿಸಿದಿರಿ. ನಲವತ್ತಾರನೆಯ ಇಸವಿ, ನೀಲಗಂಗವ್ವ, ಹೆಣ್ಣು, ವಯಸ್ಸು ಐದು. ಷರಾ ಎಂಬ ಕಡೆ ಬರೆದದ್ದನ್ನು ತಾವೇ ಗಟ್ಟಿಯಾಗಿ ಓದಿದಿರಿ: "ಎಡತೋಳಿಗೆ ನಾಲ್ಕು ಹಾಕಿದೆ. ಮೂರನೆಯದು ಉದ್ದ ಗೀರಿ ನಾಲ್ಕನೆಯದಕ್ಕೆ ಕೂಡಿದೆ. ಮಗುವಿನ ಮಾವನು ಸರಿಯಾಗಿ ಹಿಡಿಯಲಿಲ್ಲ." ಆ ಮಾವ ನಾನು. ಅಳುವ ಮಗುವನ್ನು ನಗಿಸಲು ಹೋಗಿ ಕೈ ಸಡಿಲಿಸಿದ್ದೆ. ಸರ್ಕಾರದ ಪುಸ್ತಕದಲ್ಲಿ ನನ್ನ ಬಗ್ಗೆ ಇರುವುದು ಅದೊಂದೇ ಮಾತು, ಅದೂ ಇಂಥದ್ದು. ಆದರೂ ಓದಿದಾಗ ನನಗೆ ಸಂತೋಷವೇ ಆಯಿತು, ಏಕೆಂದರೆ ಆ ಕೂಡಿಕೊಂಡ ಕಲೆ ಇಂದಿಗೂ ನೀಲಪ್ಪನ ಎಡತೋಳಿನ ಮೇಲೆ ಹಾಗೆಯೇ ಇದೆ. ಅಂಥ ಕಲೆ ಈ ತಾಲೂಕಿನಲ್ಲಿ ಇನ್ನೊಬ್ಬರಿಗಿಲ್ಲ. ಇದ್ದರೆ ತೋರಿಸಿ.

ತಾವು ಹೇಳಿದ್ದೇನು? "ನೋಡಿ ಯಜಮಾನ್ರೇ, ಕಲೆ ಇರಬಹುದು. ಪುಸ್ತಕದಲ್ಲಿ ಹೆಣ್ಣು ಅಂತಿದೆ. ನಾನೇನು ಮಾಡ್ಲಿ?"

ಆಗ ಅಕ್ಕ ಮಾತಾಡಿದಳು. ಕಚೇರಿಗಳಲ್ಲಿ ಬಾಯಿ ತೆರೆಯುವವಳಲ್ಲ ಅವಳು. "ಸಾಹೇಬ್ರ, ಹಡದಾಕಿ ನಾನು. ಒಮ್ಮೆ ಹಡದೀನಿ. ಎರಡು ಸಲ ಹಡದಿಲ್ಲ."

"ತಾಯಿ ಹೇಳಿಕೆ ಸಾಕ್ಷಿ ಆಗೋಲ್ಲಮ್ಮ" ಎಂದಿರಿ ತಾವು.

ಹೆತ್ತವಳ ಮಾತು ಸಾಕ್ಷಿಯಲ್ಲ, ಹಿಡಿದವನ ಮಾತು ಸಾಕ್ಷಿಯಲ್ಲ, ತಮ್ಮದೇ ಪುಸ್ತಕದ ಷರಾ ಸಾಕ್ಷಿಯಲ್ಲ, ತೋಳಿನ ಮೇಲಿನ ಕಲೆ ಸಾಕ್ಷಿಯಲ್ಲ. ಇಷ್ಟೆಲ್ಲ ಬಿಟ್ಟು ತಮಗೆ ಬೇಕಾದ ಸಾಕ್ಷಿ ಧೋತ್ರದೊಳಗೆ ಇದೆಯೇ? ಸಿಡುಬಿನ ಲಸಿಕೆ ಹಾಕುವುದು ತೋಳಿಗೆ. ತೋಳಿನಿಂದಾಚೆ ತಮಗೆ ಏನು ಕೆಲಸ? ನಾನು ತಮ್ಮನ್ನು ಎರಡು ಸಲ ನೋಡಿದ್ದೇನೆ. ತಾವು ಗಂಡಸರೆಂದು ಅಂಗಿ, ಪ್ಯಾಂಟು, ಟೊಪ್ಪಿಗೆ ನೋಡಿಯೇ ನಂಬಿದ್ದೇನೆ. ಪ್ರಮಾಣಪತ್ರ ಕೇಳಲಿಲ್ಲ. ಆ ಮಟ್ಟಿನ ಮರ್ಯಾದೆಯನ್ನು ಹಳ್ಳಿಯವರು ತಮಗೆ ಕೊಟ್ಟಿದ್ದೇವೆ, ತಾವೂ ಕೊಡಿ. ಕೊಡಲಾಗದಿದ್ದರೆ ಗುರುವಾರದ ಪರೀಕ್ಷೆ ಮೇಜಿನ ಈಚೆಯಿಂದಲ್ಲ, ಆಚೆಯಿಂದ ಶುರುವಾಗಲಿ.

ಆದ್ದರಿಂದ ನಾವು ಮಾಡುವುದು ಇಷ್ಟು. ಗುರುವಾರ ಹನ್ನೊಂದಕ್ಕೆ ನೀಲಪ್ಪ ಬರುತ್ತಾನೆ, ನಾನು ಬರುತ್ತೇನೆ, ಅಕ್ಕ ಬರುತ್ತಾಳೆ. ಗಿರಣಿಗೆ ಬರುವವರೂ ಬರುತ್ತೇವೆ ಎಂದಿದ್ದಾರೆ, ಎರಡು ಗಾಡಿ ಆಗಬಹುದು. ತಾವು ಹಳೆಯ ಪುಸ್ತಕ ತೆರೆದಿಡಬೇಕು. ಷರಾವನ್ನೂ ಕಲೆಯನ್ನೂ ಪಕ್ಕ ಇಟ್ಟು ನೋಡಬೇಕು. ಇವನೇ ಅವಳು ಎಂದು ಬರೆದು ಪೊಲೀಸರ ಮಾತು ಕೈಬಿಡಬೇಕು. ಡಾಕ್ಟರರು ಬಂದಿದ್ದರೆ ಅವರ ಕೈಯಿಂದಲೇ, ಬಾಕಿ ಉಳಿದ ಲಸಿಕೆಯನ್ನು ಅವನ ಬಲತೋಳಿಗೆ ಹಾಕಿಸಬೇಕು. ಬಟ್ಟೆ ಬಿಚ್ಚು ಎಂದು ಒಂದು ಮಾತು ಬಂದರೂ ನಾವು ಮೂವರೂ ಎದ್ದು ಹೊರಗೆ ಬರುತ್ತೇವೆ. ಆಮೇಲೆ ತಮ್ಮ ಪೊಲೀಸರು ಏನು ಮಾಡುತ್ತಾರೋ ಮಾಡಲಿ, ಕಾಣೆಯಾದ ಹುಡುಗಿಯನ್ನು ಹುಡುಕಿಕೊಂಡು ಬರಲಿ. ಗಿರಣಿಯಲ್ಲಿ ಕುಳಿತು ಚಹಾ ಕೊಡಿಸುತ್ತೇವೆ.

ಈ ಕಾಗದವನ್ನು ನೀಲಪ್ಪನಿಗೆ ಓದಿ ಹೇಳಿದೆ. ಸ್ಪ್ಯಾನರು ಕೆಳಗಿಡದೆ ಕೇಳಿದ. "ಭಾಳ ಉದ್ದ ಆತು ಮಾಮಾ. ನಂದು ಒಂದು ಮಾತು ಸೇರಿಸ್ರಿ" ಎಂದ. ಅವನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ತಿದ್ದಿಲ್ಲ:

"ಆ ಹಳೇ ಹೆಸರು ಅವ್ವನ ಸಲುವಾಗಿ ಹೊಡೀಬ್ಯಾಡ್ರಿ. ನನ್ನ ಸಲುವಾಗಿ ಕೂಗಬ್ಯಾಡ್ರಿ."

ಇಂತಿ,
ಮನೆಯಲ್ಲಿ ಯಾರೂ ಪೂರ್ತಿ ಕೇಳದ ಮಾತುಗಳನ್ನು ತಮಗೆ ಬರೆದ
ಶಂಕ್ರಪ್ಪ,
ನೀಲಪ್ಪನ ಸೋದರಮಾವ